ಬೂದಿ ಹತ್ತಿದ ಎರಡು ಬೆರಳು

ಈರಮ್ಮತ್ತೆಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸದಾ ಬೂದಿಬಣ್ಣದವು. ಉಳಿದ ಕೈಯೆಲ್ಲ ಗೋಧಿಬಣ್ಣ, ಮುಂಗೈ ತುಂಬ ಹಸಿರು ಬಳೆ. ಆ ಎರಡು ಬೆರಳು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಸೇರಿಸಿದಂತೆ ಕಾಣುತ್ತಿದ್ದವು. ಬಾವಿಕಟ್ಟೆಯಲ್ಲಿ ಹೊಸಬರು ಯಾರಾದರೂ ನೋಡಿ, "ಗುಡಿಗೆ ಹೋಗಿದ್ದೇನವ್ವಾ? ಇಬತ್ತಿ ಹತ್ತೈತಿ" ಅಂದರೆ ಆಕೆ ನಗದೆ ಹೇಳುತ್ತಿದ್ದಳು:

"ನಾನೆಲ್ಲಿ ಹೋಗ್ಲಿ ಯವ್ವಾ? ಬೆರಳು ಹೋಗಿ ಬಂದಾವು. ನನಗ ಮನ್ಯಾಗ ಕೆಲಸ ಐತಿ."

ನಾರಾಯಣಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ನಿಜಾಮರ ಸರ್ಕಾರದ ತಾಲ್ಲೂಕು ಕಚೇರಿಯಲ್ಲಿ ಪೇಶ್ಕಾರರು. ಹೆಣ್ಣುಮಗಳು ಓದಲಿ ಎಂಬ ಹಟದಿಂದ ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬಿಟ್ಟಿದ್ದರು. ರಜೆಗೆ ಬಂದ ಮೊದಲ ಮಧ್ಯಾಹ್ನ ತಣ್ಣನೆಯ ನೆಲದ ಮೇಲೆ ಮಲಗಿದರೆ, ಗೋಡೆಯಾಚೆಯ ಮಗ್ಗದ ಸದ್ದು ಕಿವಿಯಿಂದಲ್ಲ, ಬೆನ್ನಿನಿಂದ ಒಳಗೆ ಬರುತ್ತಿತ್ತು. ಟಕ್ ಅಂದು ಒಂದು ಉಸಿರು, ಮತ್ತೆ ಟಕ್. ನಿದ್ದೆಯಲ್ಲೂ ಅದು ನಡೆದೇ ಇರುತ್ತಿತ್ತು. ಆಗ ನನಗೆ ಅನ್ನಿಸುತ್ತಿತ್ತು, ಊರು ಮುಟ್ಟಿದೆ ಎಂದು.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವನು ಆಕೆಯ ಗಂಡ ಸಾಬಣ್ಣ ಮಾವ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಬಲು ಕಡಿಮೆ. "ಇವರು ವರ್ಷಕ್ಕ ಒಂದು ಮಾತು ಆಡ್ತಾರ. ಈ ವರ್ಷದ್ದು ಯುಗಾದಿಗೇ ಮುಗದೈತಿ" ಎಂದು ಈರಮ್ಮತ್ತೆ ಅವನೆದುರಿಗೇ ಅನ್ನುತ್ತಿದ್ದಳು. ಅವನು ಲಾಳಿ ಎಸೆಯುತ್ತಲೇ ಮೀಸೆಯೊಳಗೆ ನಗುತ್ತಿದ್ದ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಮಗ್ಗವೇ ಮೂರನೆಯದೊಂದು ಜೀವ.

ನಮ್ಮೂರಿನ ಮಗ್ಗಕ್ಕೆ ಒಮ್ಮೆ ಹಾಸು, ಅಂದರೆ ಉದ್ದಕ್ಕೆ ಚಾಚುವ ಎಳೆ, ಏರಿಸಿದರೆ ಎಂಟು ಸೀರೆ. ಎಂಟನೆಯದು ಇಳಿದ ಮೇಲೆ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಎಳೆಗಳು ಉಳಿಯುತ್ತವೆ. ಅವನ್ನು ಕಿತ್ತು ಬಿಸಾಡುವುದಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ತೆಂಗಿನ ಚಿಪ್ಪು, ಅದರಲ್ಲಿ ಸೋಸಿದ ಬೂದಿ. ಅದು ಈರಮ್ಮತ್ತೆಯ ಕೆಲಸ. "ಹಾಲಿಗೆ ಹೆಪ್ಪು ಹಾಕಿದಂಗ ತಾಯಿ. ನಿನ್ನಿನ ಮೊಸರು ಇಲ್ಲದ ಇವತ್ತಿನ ಮೊಸರು ಎಲ್ಲಿಂದ ಬರ್ತೈತಿ?" ಅವಳ ಮಾವನ ಅಪ್ಪ ಹೂಡಿದ ಮಗ್ಗವಂತೆ ಅದು. ಅಂದಿನಿಂದ ಒಂದು ದಿನವೂ ಬರಿದಾಗಿರಲಿಲ್ಲ.

ಹನ್ನೊಂದು ವರ್ಷದ ನಾನು ಒಂದು ರಜೆಯಲ್ಲಿ, "ಅತ್ತೆ, ನಾನೂ ಕೂಡಿಸ್ತೀನಿ" ಎಂದು ಕೂತೆ. ಹೊಲಿಗೆಯಲ್ಲಿ ಕಾನ್ವೆಂಟಿಗೇ ಮೊದಲಿಗಳು ನಾನು. ಬಿಚ್ಚದಂಥ ಸಣ್ಣ ಗಂಟು ಹಾಕುವುದನ್ನು ಸಿಸ್ಟರ್ ಕಲಿಸಿದ್ದರು. ಈರಮ್ಮತ್ತೆ ಒಳಗೆ ರೊಟ್ಟಿ ತಟ್ಟಿ ಬರುವಷ್ಟರಲ್ಲಿ ಒಂದು ಸಾಲು ಪೂರ್ತಿ ಗಂಟು ಹಾಕಿ ಮುಗಿಸಿದ್ದೆ. ಸಾಬಣ್ಣ ಮಾವ ಹಾಸನ್ನು ಮೆಲ್ಲಗೆ ಎಳೆದ. ಹಣಿಗೆಯ ಹಲ್ಲಿಗೆ ಸಿಕ್ಕಿ ನನ್ನ ಗಂಟುಗಳು ನಿಂತವು. ಪಟಪಟನೆ ಎಳೆ ಹರಿದವು.

ಈರಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ ದೊರಸಾನಿ, ಎತ್ತು ಕಟ್ಟಿದಂಗ ಕಟ್ಟೀಯಲ್ಲ! ನಿಮ್ಮ ಸಾಲ್ಯಾಗ ಇದನ್ನ ಕಲಿಸ್ತಾರೇನು?"

ನನ್ನ ಕಣ್ಣು ತುಂಬಿತು. ಸಾಬಣ್ಣ ಮಾವ ಕುಣಿಯಿಂದ ಎದ್ದು ಬಂದು ನನ್ನ ಪಕ್ಕ ಕುಳಿತ. ಸಂಜೆಯ ಬಿಸಿಲು ಬೆಳಕಿಂಡಿಯಿಂದ ಇಳಿದು ಗೋಡೆ ಹತ್ತುವವರೆಗೂ ಒಂದೊಂದೇ ಗಂಟು ಬಿಚ್ಚಿದ. ನನ್ನ ಬೆರಳನ್ನು ಬೂದಿಯಲ್ಲಿ ಅದ್ದಿ, ಎರಡು ಎಳೆ ಇಟ್ಟು, ಒಮ್ಮೆ ಹೊಸೆದು ತೋರಿಸಿದ.

"ಗಂಟು ದಾಟಂಗಿಲ್ಲ ಮಗಳ," ಎಂದ. "ಹೊಸೆದದ್ದು ದಾಟ್ತೈತಿ."

"ನೋಡ್ರೆವ್ವಾ! ಮುಂದಿನ ವರ್ಷದ ಮಾತೂ ಮುಗೀತು!" ಎಂದು ಈರಮ್ಮತ್ತೆ ಕೂಗಿದಳು.

ಮುಂದಿನ ವರ್ಷ ಅವನಿಗೆ ಪೂರ್ತಿ ಸಿಗಲಿಲ್ಲ. ಗದ್ವಾಲಕ್ಕೆ ಸೀರೆ ಕೊಟ್ಟು ಬರಲು ಹೋದವನು ಗಾಡಿಯಲ್ಲಿ ಜ್ವರದಿಂದ ಮಲಗಿ ಬಂದ, ಮತ್ತೆ ಏಳಲಿಲ್ಲ. ನಾನು ರಜೆಗೆ ಬಂದು ನೆಲಕ್ಕೆ ಬೆನ್ನು ಕೊಟ್ಟಾಗ ನೆಲ ಸುಮ್ಮನಿತ್ತು. ಅಮ್ಮ ಹೇಳುವ ಮೊದಲೇ ತಿಳಿಯಿತು.

ಮಗ್ಗದ ಮೇಲೆ ಎಂಟರಲ್ಲಿ ನಾಲ್ಕನೆಯ ಸೀರೆ ಅರ್ಧಕ್ಕೆ ನಿಂತಿತ್ತು. ನೇಯುವವನು ನಡುವೆ ತೀರಿಕೊಂಡರೆ ಹಾಸನ್ನು ಕುಯ್ದು ಹೊಳೆಗೆ ಬಿಡುವುದು ಅವರ ಮನೆತನದ ಪದ್ಧತಿ. ಸತ್ತವನ ಹಾಸಿನ ಸೀರೆಯನ್ನು ಯಾರೂ ಉಡುವುದಿಲ್ಲ. ಕುಯ್ದರೆ ಹೊಸ ಹಾಸು ಕೂಡಿಸಲು ತುದಿ ಉಳಿಯದು. ಅಷ್ಟು ತಲೆಮಾರಿನ ಎಳೆ ಅಲ್ಲಿಗೇ ಮುಗಿದಂತೆ. ಹದಿಮೂರು ದಿನ ಕಳೆದ ಮರುದಿನ ಬೆಳಿಗ್ಗೆ ಸಾಬಣ್ಣನ ದೊಡ್ಡಪ್ಪ ನಿಂಗಪ್ಪಜ್ಜ ಕುಡುಗೋಲು ಹಿಡಿದು ಬಂದ. ಅಮ್ಮನ ಸೆರಗು ಹಿಡಿದು ನಾನೂ ಹೋದೆ.

ಈರಮ್ಮತ್ತೆಯ ಕೈಯಲ್ಲಿ ಬಳೆ ಇರಲಿಲ್ಲ. ಬೂದಿ ಮಾತ್ರ ಹಾಗೇ ಇತ್ತು. ಆಕೆ ಅಜ್ಜನ ಮುಖ ನೋಡಿದಳು, ಕುಡುಗೋಲು ನೋಡಿದಳು. ಹೋಗಿ ಮಗ್ಗದ ಕುಣಿಗೆ ಇಳಿದು ಗಂಡನ ಜಾಗದಲ್ಲಿ ಕೂತಳು. ಹೆಂಗಸರು ಆ ಜಾಗದಲ್ಲಿ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಏಳು ಈರಮ್ಮ. ನನಗೇನು ಸಂತೋಷ ಐತೇನು?" ಎಂದ ಅಜ್ಜ.

"ಕುಯ್ಯೂದಿದ್ರ ಕುಯ್ರಿ. ನಾ ಏಳಂಗಿಲ್ಲ."

"ಯಾರು ಉಡ್ತಾರ ಇದನ್ನ? ಹೇಳು ನೋಡಾಣ."

"ನನ್ನ ಮಗಳು ಉಡ್ತಾಳ." ಬಾಗಿಲಿನಿಂದ ಬಂದ ಆ ದನಿ ಸಾಬಣ್ಣನ ತಂಗಿ ಮಲ್ಲಮ್ಮನದು. ಎದುರು ಮನೆಯವಳು. ಮಗಳು ಶಿವಮ್ಮನ ಮದುವೆ ಗೊತ್ತಾಗಿತ್ತು. "ಆ ನಾಲ್ಕನೇದು ಶಿವಿ ಸೀರಿ. ಅಣ್ಣ ಬಾಯಿ ಬಿಟ್ಟು ಹೇಳಿದ್ದ. ಸ್ವಾದರಮಾವನ ಸೀರಿ ಇಲ್ಲದ ನನ್ನ ಮಗಳು ಹಸಿಮಣಿ ಏರಂಗಿಲ್ಲ."

"ಮದುವಿಗೆ ಸತ್ತವನ ಹಾಸು ಉಡಿಸ್ತೀಯೇನ? ತಲಿ ಐತೋ ಇಲ್ಲೋ?"

"ಸತ್ತವ ಅಂತ ಯಾಕಂತೀರಿ ದೊಡ್ಡಪ್ಪ? ಆಕಿ ಮಾವ ಅನ್ರಿ."

ಬೆಳಕಿಂಡಿಯ ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಈರಮ್ಮತ್ತೆ ಕಾಲು ಚಾಚಿ ಮಗ್ಗದ ತುಳಿಹಲಗೆಯನ್ನು ಹುಡುಕುತ್ತಿದ್ದಳು. ಕುಣಿಯನ್ನು ಆಳ ಮಾಡಿದ್ದು ಸಾಬಣ್ಣ ಮಾವನ ಕಾಲಿನ ಅಳತೆಗೆ. ಇವಳ ಪಾದ ಗಾಳಿಯಲ್ಲೇ ಉಳಿಯಿತು.

"ಏ ದೊರಸಾನಿ," ಎಂದಳು ನನ್ನತ್ತ ತಿರುಗಿ, ಏನೂ ಆಗಿಲ್ಲವೆಂಬಂತೆ. "ಹಿತ್ತಲಾಗ ಒಂದು ಹಳೇ ಬೀಸುಕಲ್ಲು ಐತಿ, ತಗೊಂಬಾ. ಕಾಲಡಿ ಹಾಕ್ಕೋತೀನಿ. ಎಟಕವಲ್ದು."

ನಾನು ಹೊರಟೆ. ನಿಂಗಪ್ಪಜ್ಜ ನನ್ನ ಭುಜ ಹಿಡಿದು ನಿಲ್ಲಿಸಿದ. ಕುಡುಗೋಲನ್ನು ಹೊಸ್ತಿಲ ಪಕ್ಕ ಇಟ್ಟ.

"ಭಾರ ಐತಿ, ಕೂಸಿನ ಕೈಲೆ ಆಗಂಗಿಲ್ಲ," ಎಂದು ಗೊಣಗುತ್ತ ತಾನೇ ಹಿತ್ತಲಿಗೆ ಹೋದ. ಕಲ್ಲು ಹೊತ್ತು ತಂದು, ಕುಣಿಯ ಅಂಚಿಗೆ ಬಗ್ಗಿ, ಆಕೆಯ ಕಾಲಡಿ ಸರಿಸಿ ಇಟ್ಟ. "ಈಗ ನೋಡು, ಎಟಕ್ತೈತೇನು?"

"ಎಟಕ್ತೈತ್ರಿ ದೊಡ್ಡಪ್ಪಾರ."

ಟಕ್ ಎಂದು ಮಗ್ಗ ಒಮ್ಮೆ ಸದ್ದು ಮಾಡಿತು. ಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶಿವಮ್ಮ ಆ ಸೀರೆಯಲ್ಲೇ ಹಸೆಮಣೆ ಏರಿದಳು. ಕಪ್ಪುಗೆಂಪು ಚೌಕಳಿ, ಕೆಂಪು ಅಂಚು. ಮೊಣಕಾಲಿನ ಹತ್ತಿರ ನೆರಿಗೆಯಲ್ಲಿ ಒಂದು ಕಡೆ ನೆಯ್ಗೆ ಸ್ವಲ್ಪ ಸಡಿಲ. ಸಾಬಣ್ಣ ಮಾವನ ಕೈ ಬಿಟ್ಟು ಈರಮ್ಮತ್ತೆಯ ಕೈ ಹಿಡಿದ ಜಾಗ ಅದು. ಶಿವಮ್ಮ ನಡೆದಾಗಲೆಲ್ಲ ಆ ಗೆರೆ ನೆರಿಗೆಯೊಳಗೆ ಮುಚ್ಚಿ ಮತ್ತೆ ತೆರೆಯುತ್ತಿತ್ತು. ನಾನು ಊಟ ಬಿಟ್ಟು ಅದನ್ನೇ ನೋಡುತ್ತಿದ್ದೆ.

ಆ ಜ್ವರ ನಮ್ಮ ಓಣಿಯ ಇನ್ನೂ ಕೆಲವು ಮನೆಗಳನ್ನು ಹೊಕ್ಕಿತ್ತು. ನೇಯುವ ಕೈ ಹೋದ ಮನೆಗಳ ಹೆಂಗಸರು ಒಬ್ಬೊಬ್ಬರೇ ಈರಮ್ಮತ್ತೆಯ ಪಡಸಾಲೆಗೆ ಬಂದು ಕೂತರು. ಒಬ್ಬಳು ನೂಲು ಸುತ್ತಿದಳು, ಒಬ್ಬಳು ಎಳೆ ಕೂಡಿಸಿದಳು, ಕಾಲು ಎಟಕಿದವಳು ನೇಯಲು ಕಲಿತಳು. ಹಳೆಯ ಹಾಸಿನಿಂದಲೇ ಹೆಪ್ಪು ಪಡೆದು ಪಡಸಾಲೆಯಲ್ಲಿ ಇನ್ನೆರಡು ಮಗ್ಗ ಎದ್ದವು. "ಬೂದಿ ಹಚ್ಚಿಕೊಂಡಾಕಿ ಉಣ್ಣದ ಹೋಗಬಾರದು" ಎಂಬುದು ಆ ಮನೆಯ ಕಾನೂನು. ಜೋಳದ ರೊಟ್ಟಿಯ ಮೇಲೆ ಬೆರಳಿನ ಬೂದಿಯ ಗುರುತು ಬಿದ್ದರೆ, "ತಿನ್ನು, ಹೊಟ್ಟಿಗೂ ಇಬತ್ತಿ ಸಿಗ್ಲಿ" ಎನ್ನುವಳು.

ಮಕ್ತಲ್ಲಿನ ಒಂದು ಮನೆಯಲ್ಲಿ ಮಗ್ಗಕ್ಕೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋದಾಗ, ಆಕೆ ತನ್ನ ಹಣಿಗೆಗಳಲ್ಲಿ ಒಂದನ್ನು ಗೇಣುದ್ದ ಎಳೆಗಳ ಸಮೇತ ಮಡಿಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಬಾಣಂತಿಯ ಕೂಸನ್ನು ಒಯ್ಯುವಂತೆ. "ಹೆಪ್ಪು ಕೇಳಾಕ ಬಂದಾರ. ಇಲ್ಲ ಅನ್ನಾಕ ಬರ್ತೈತೇನು?" ಆಮೇಲೆ ಗದ್ವಾಲದ ಕಡೆಗೂ ಹಾಗೇ ಹೋಯಿತು.

ನನ್ನ ಮದುವೆಯಾಗಿ ನಾನು ಗದ್ವಾಲಕ್ಕೆ ಬಂದೆ. ಕಡೆಯ ಸಲ ತವರಿಗೆ ಹೋದಾಗ ಈರಮ್ಮತ್ತೆಗೆ ಕಣ್ಣು ಮಬ್ಬಾಗಿತ್ತು. ಎಳೆಗಳನ್ನು ಬೆರಳಿನಿಂದಲೇ ನೋಡುತ್ತಿದ್ದಳು. ನನ್ನ ಕೈ ಹಿಡಿದು ಸವರಿ, "ಒಗ್ಗರಣಿ ಕೈ ಆಗೈತಿ ದೊರಸಾನಿ. ಆದ್ರ ಮರ್ತಿಲ್ಲ ಬಿಡು" ಎಂದಳು.

ಆಕೆ ಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ಅದರ ಹಿಂದೆಯೇ ಮಲ್ಲಮ್ಮ ಹೇಳಿ ಕಳಿಸಿದ್ದಳು: "ಈರಮ್ಮನ ಹಾಸು ಮುಗೀತು. ಕೂಡಿಸಾಕ ಬಾ." ಆಕೆ ತೀರಿಕೊಂಡಾಗ ಮಗ್ಗದ ಮೇಲೆ ಮೂರು ಸೀರೆ ಬಾಕಿ ಇದ್ದವಂತೆ. ಈ ಸಲ ಕುಡುಗೋಲು ಯಾರೂ ತರಲಿಲ್ಲ. ಬೆನ್ನು ಬಾಗಿದ ನಿಂಗಪ್ಪಜ್ಜ ಬಾಗಿಲಲ್ಲಿ ಕೂತು, "ಸೀರಿ ಯಾರ‍್ಯಾರಿಗೆ ಅಂತ ಹೇಳ್ಯಾಳ? ಮಾತು ಕೊಟ್ಟಿದ್ರ ಮುಗಿಸ್ರಿ" ಎಂದನಂತೆ. ಶಿವಮ್ಮ ಕುಣಿಗೆ ಇಳಿದಿದ್ದಳು. ಕಲ್ಲು ಅಲ್ಲೇ ಇತ್ತು.

ನಾನು ಹೋದಾಗ ಹೆಂಗಸರು ಸರಿದು ಜಾಗ ಕೊಟ್ಟರು. ಯಾರೋ ತೆಂಗಿನ ಚಿಪ್ಪನ್ನು ನನ್ನ ಕಡೆ ತಳ್ಳಿದರು. ಮಧ್ಯಾಹ್ನದವರೆಗೂ ಹೊಸೆದೆ. ಶಿವಮ್ಮ ಹಾಸನ್ನು ಮೆಲ್ಲಗೆ ಎಳೆದಳು. ಉಸಿರು ಹಿಡಿದು ನೋಡಿದೆ. ನನ್ನ ಎಳೆಗಳು ಹಣಿಗೆಯ ಹಲ್ಲುಗಳ ನಡುವೆ ಒಂದೂ ನಿಲ್ಲದೆ ದಾಟಿ ಹೋದವು.

ಮರುದಿನ ಗದ್ವಾಲಕ್ಕೆ ಹಿಂತಿರುಗುವಾಗ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿದೆವು. ಹರಿಗೋಲು ಮೆಲ್ಲಗೆ ಸುತ್ತುತ್ತ ತೇಲುತ್ತಿತ್ತು. ದಡ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎಲ್ಲರೂ ಅಂಚಿನಿಂದ ಕೈ ಇಳಿಬಿಟ್ಟು ನೀರಾಡುತ್ತಿದ್ದರು. ನಾನು ಮಾತ್ರ ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎದುರಿಗೆ ಕೂತಿದ್ದ ಮುದುಕಿ ನನ್ನ ಬೆರಳು ನೋಡಿದಳು.

"ಗುಡಿಗೆ ಹೋಗಿದ್ರೇನವ್ವಾ?"

"ನಾನಲ್ರಿ ಅಮ್ಮಾ," ಎಂದೆ. "ಬೆರಳು ಹೋಗಿ ಬಂದಾವು."