ಚಾರ್ಮಾಡಿಯಲ್ಲಿ ಹುಡುಕಿದ ಮೂಡುಬಿದಿರೆಯ ವಿಮಾನ

ಕೋವಿಡ್ ಗಲಾಟೆ ಮುಗಿದು ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ್ದ ವರ್ಷ. ನಾನು ಕರಾವಳಿಯ ವಿಮಾನ ನಿಲ್ದಾಣವೊಂದರಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್ ವಿಭಾಗದ ಪಾಳಿ ಮುಖ್ಯಸ್ಥನಾಗಿದ್ದೆ. ಆಕಾಶದಲ್ಲಿರುವ ವಿಮಾನಗಳೊಂದಿಗೆ ರೇಡಿಯೋದಲ್ಲಿ ಮಾತನಾಡುತ್ತ, ಅವು ಒಂದಕ್ಕೊಂದು ಅಡ್ಡ ಬಾರದಂತೆ ನೋಡಿಕೊಳ್ಳುವ ಕೆಲಸ. ಆ ಕುರ್ಚಿಯಲ್ಲಿ ಕೂತು ನಾನು ಕೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಮಾನ ಉಳಿಸಿಕೊಳ್ಳಲು ಹೇಳಿದ ಸಣ್ಣ ಪುಟ್ಟ ಸುಳ್ಳುಗಳು, ಕ್ಷಮಿಸಿಬಿಟ್ಟಿದ್ದೇನೆ. ಒಂದನ್ನು ಮಾತ್ರ ಕ್ಷಮಿಸಿಲ್ಲ, ಕ್ಷಮಿಸುವ ಅಂದಾಜೂ ಇಲ್ಲ.

ಅದನ್ನು ಹೇಳಿದವರು ನಮ್ಮ ಕಡೆಯ ಒಬ್ಬ ದೊಡ್ಡ ಕುಳ. ಊರೆಲ್ಲ ಅವರನ್ನು 'ಧಣಿಗಳು' ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಹೇಳಿ ಗೌರವಿಸುವಷ್ಟು ಔದಾರ್ಯ ನನ್ನಲ್ಲಿಲ್ಲ. ಧಣಿಗಳಿಗೆ ಕಲ್ಯಾಣಮಂಟಪವಿತ್ತು, ಬಸ್ಸುಗಳಿದ್ದವು, ಸನ್ಮಾನಗಳಲ್ಲಿ ಹೆಗಲಿಗೆ ಹೊದೆಸಿಕೊಂಡ ಶಾಲುಗಳ ದೊಡ್ಡ ರಾಶಿಯಿತ್ತು. ಸಾಲದು ಎಂದು ಒಂದು ಪುಟ್ಟ ವಿಮಾನವನ್ನೂ ಕೊಂಡಿದ್ದರು. ಒಂದೇ ಎಂಜಿನ್, ನಾಲ್ಕು ಸೀಟು. ಅದರ ಬಾಲದ ಎರಡೂ ಬದಿಗೆ ತಮ್ಮ ಹೆಸರು ಬರೆಸಿದ್ದರು. ಅಪಘಾತವಾದರೆ ತಾನಾಗಿ ಉಪಗ್ರಹಕ್ಕೆ ಸಂಕೇತ ಕಳಿಸುವ ಒಂದು ಪೆಟ್ಟಿಗೆ ವಿಮಾನದಲ್ಲಿರುತ್ತದೆ, ನಾವು ಇ.ಎಲ್.ಟಿ. ಎನ್ನುತ್ತೇವೆ. ಅದರ ಮುಗಿದ ಬ್ಯಾಟರಿಯನ್ನು ಧಣಿಗಳು ಬದಲಾಯಿಸಿರಲಿಲ್ಲ. ಬಾಲದ ಮೇಲಿನ ಹೆಸರಿನ ಹಾಗೆ ಬ್ಯಾಟರಿ ಹೊರಗೆ ಕಾಣುವುದಿಲ್ಲವಲ್ಲ.

ಪೈಲಟ್ ಸುಧೀರ ಇಂಥವರ ಕೈಗೆ ಹೇಗೆ ಸಿಕ್ಕಿದನೋ. ಬಂಟ್ವಾಳದ ಕಡೆಯ ಹುಡುಗ, ಮೂವತ್ತೈದರ ಆಸುಪಾಸು, ರೇಡಿಯೋದಲ್ಲಿ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹೆಂಡತಿ ವಿದ್ಯಾ ಉಜಿರೆಯಲ್ಲಿ ಹೈಸ್ಕೂಲು ಟೀಚರ್.

ಆ ಜನವರಿಯ ಬೆಳಿಗ್ಗೆ ಸುಧೀರ ಒಬ್ಬನೇ ಹೊರಟ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸು ಎಂದು ಮೊದಲೇ ನಮಗೆ ಕೊಡಬೇಕಾದ ವಿವರಕ್ಕೆ ಫ್ಲೈಟ್ ಪ್ಲಾನ್ ಎನ್ನುತ್ತಾರೆ. ಅವನ ಪ್ಲಾನಿನಲ್ಲಿದ್ದದ್ದು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಮೇಲೆ ಏರಿಯಲ್ ಸರ್ವೆ, ಅಂದರೆ ಮೇಲಿನಿಂದ ಫೋಟೋ ತೆಗೆಯುವ ಕೆಲಸ; ಹನ್ನೊಂದು ಗಂಟೆಗೆ ವಾಪಸು. ಮೂಡುಬಿದಿರೆಯ ದಕ್ಷಿಣಕ್ಕೆ ಬಂದಾಗ ಒಮ್ಮೆ ಮಾತನಾಡಿದ. 'ತಗ್ಗಿಗೆ ಇಳಿಯುತ್ತಿದ್ದೇನೆ' ಎಂದ. ಅಷ್ಟು ತಗ್ಗಿನಲ್ಲಿ ಗುಡ್ಡಗಳು ಅಡ್ಡ ಬಂದು ನಮ್ಮ ರೇಡಿಯೋವೂ ಮುಟ್ಟುವುದಿಲ್ಲ, ರಾಡಾರಿನಲ್ಲೂ ಕಾಣುವುದಿಲ್ಲ. ಅದು ದಿನದ ಮಾತು, ಗಾಬರಿಯಾಗಲಿಲ್ಲ.

ಹನ್ನೊಂದಾಯಿತು, ಅರ್ಧ ಗಂಟೆ ಮೀರಿತು, ವಿಮಾನ ಬರಲಿಲ್ಲ. ಇಂಥ ಹೊತ್ತಿಗೆ ನಮ್ಮಲ್ಲಿ ಮೂರು ಮೆಟ್ಟಿಲುಂಟು. ಮೊದಲನೆಯದು ಅನಿಶ್ಚಿತತೆ: ಎಲ್ಲಿದ್ದಾನೋ ಗೊತ್ತಿಲ್ಲ, ವಿಚಾರಿಸುವ. ಎರಡನೆಯದು ಎಚ್ಚರಿಕೆ: ವಿಚಾರಿಸಿದರೂ ಸುದ್ದಿಯಿಲ್ಲ. ಮೂರನೆಯದು ಅಪಾಯ: ಇಂಧನವೂ ಮುಗಿದಿರಬೇಕು, ಹುಡುಕಲು ಹೊರಡಬೇಕು. ಮೊದಲ ಮೆಟ್ಟಿಲಿನಲ್ಲಿ ಮಾಡಬೇಕಾದದ್ದು ವಿಮಾನದ ಮಾಲೀಕರಿಗೆ ಫೋನ್. ಮಾಡಿದೆ.

"ಎಂತ ಮಾರಾಯ್ರೆ, ಅರ್ಧ ಗಂಟೆಗೆಲ್ಲ ಹೀಗೆ ಬೊಬ್ಬೆ ಹಾಕುದಾ?" ಎಂದರು ಧಣಿಗಳು. "ಎಲ್ಲಿಯಾದ್ರೂ ಇಳಿಸಿರ್ತಾನೆ. ಪೇಪರಿನವರಿಗೆ ಗೊತ್ತಾಗುದು ಬೇಡ ಆಯ್ತಾ. ನಾನು ವಿಚಾರಿಸಿ ಹೇಳ್ತೇನೆ."

ಎಲ್ಲಿಯಾದರೂ ಇಳಿಸಲು ಅದು ಸ್ಕೂಟರಲ್ಲ. ನಾನು ಕಾಯದೆ ರಕ್ಷಣಾ ಸಮನ್ವಯ ಕೇಂದ್ರಕ್ಕೆ ತಿಳಿಸಿದೆ. ಕಳೆದುಹೋದ ವಿಮಾನವನ್ನು ಹುಡುಕಿಸುವ ಹೊಣೆ ಅವರದು. ಕೊನೆಯದಾಗಿ ಮಾತನಾಡಿದ ಜಾಗ ಮೂಡುಬಿದಿರೆಯ ದಕ್ಷಿಣ, ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು ಎಂದೂ ಹೇಳಿದೆ. ಅವರು ಒಪ್ಪಿದರು. ಹೆಲಿಕಾಪ್ಟರ್ ಹೊರಡುವ ತಯಾರಿಯಲ್ಲಿತ್ತು.

ಅಷ್ಟರಲ್ಲಿ ಧಣಿಗಳ ಫೋನ್ ಬಂತು. ಈಗ ದನಿಯೇ ಬೇರೆ.

"ಮಾಹಿತಿ ಬಂದಿದೆ. ಸುಧೀರ ಫೋನ್ ಮಾಡಿದ್ದಾನಂತೆ, ಮಧ್ಯದಲ್ಲಿ ಕಟ್ ಆಯ್ತಂತೆ. ಚಾರ್ಮಾಡಿ ಕಡೆ. ದೊಡ್ಡ ಕಲ್ಲಿನ ಬುಡ, ಹತ್ತಿರ ನೀರುಂಟು. ಜೀವಕ್ಕೆ ತೊಂದರೆ ಇಲ್ಲ. ಬೇಗ ಕಳಿಸಿ."

ಮಾಲೀಕರೇ ಪೈಲಟ್ಟಿನ ಫೋನ್ ಬಂತು ಎಂದ ಮೇಲೆ ನಮ್ಮ ಕೊನೆಯ ರೇಡಿಯೋ ಮಾತಿಗೆ ಏನು ಬೆಲೆ? ನಿಯಮದಂತೆ ಹೊಸ ಸುದ್ದಿಗೇ ತೂಕ ಜಾಸ್ತಿ. ಹೆಲಿಕಾಪ್ಟರಿನ ದಿಕ್ಕು ಚಾರ್ಮಾಡಿ ಘಾಟಿಗೆ ತಿರುಗಿತು. ನನ್ನನ್ನು ಜೀಪಿನಲ್ಲಿ ಬೆಳ್ತಂಗಡಿಗೆ ಅಟ್ಟಿದರು, ಪೊಲೀಸರ ಜೊತೆ ವಿಮಾನದ ವಿಷಯ ಬಲ್ಲವನೊಬ್ಬ ಇರಲಿ ಎಂದು.

ದಾರಿಯುದ್ದಕ್ಕೂ ನೋಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಟಿವಿಯಲ್ಲಿ 'ಘಾಟಿಯಲ್ಲಿ ವಿಮಾನ ಪತನ' ಎಂದು ಬಂದದ್ದೇ ತಡ, ಬಂಟ್ವಾಳದಿಂದ, ಮೂಡುಬಿದಿರೆಯಿಂದ, ಎಲ್ಲೆಲ್ಲಿಂದಲೋ ಬೈಕುಗಳು. ಒಂದೊಂದರಲ್ಲಿ ಮೂವರು. ಘಾಟಿಯ ಬುಡದ ಕಕ್ಕಿಂಜೆಯಿಂದ ಮುಂದೆ ಆಂಬುಲೆನ್ಸಿಗೇ ದಾರಿಯಿಲ್ಲವಂತೆ. ಚರುಮುರಿಯವನೊಬ್ಬ ಗಾಡಿ ತಂದು ನಿಲ್ಲಿಸಿಯೂ ಆಗಿತ್ತು. ಮೈಕ್ ಹಿಡಿದವಳೊಬ್ಬಳು ದಾರಿಹೋಕರನ್ನು "ಶಬ್ದ ಕೇಳಿತಾ? ಹೊಗೆ ಕಂಡಿತಾ?" ಎಂದು ಕೇಳುತ್ತಿದ್ದಳು. ನಮ್ಮ ಜನ ಮರ್ಯಾದಸ್ಥರು, ಅಷ್ಟು ದೂರದಿಂದ ಬಂದವರಿಗೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. "ಹೌದು, ಹೊಗೆ ಬಂದ ಹಾಗೆ ಉಂಟು" ಎಂದು ಒಬ್ಬ ಹೇಳಿದ. ಅವನ ಹಿಂದಿನವನಿಗೆ ಬೆಂಕಿಯೇ ಕಂಡಿತ್ತು.

ಬೆಳ್ತಂಗಡಿಯ ಪ್ರವಾಸಿ ಮಂದಿರವೇ ಹುಡುಕಾಟದ ಕಚೇರಿಯಾಗಿತ್ತು. ಮೇಜಿನ ಮೇಲೆ ನಕ್ಷೆ, ಅದರ ಮೇಲೆ ಧಣಿಗಳ ಕಡೆಯವರು ತರಿಸಿದ ಗೋಳಿಬಜೆಯ ಪೊಟ್ಟಣ. ಧಣಿಗಳು ಗರಿಗರಿ ಬಿಳಿ ಅಂಗಿಯಲ್ಲಿ ಸೋಫಾದ ನಡುವೆ ಕುಳಿತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು, ಮದುವೆ ಮನೆಯ ಯಜಮಾನನ ಹಾಗೆ. ಪಕ್ಕದಲ್ಲಿ ಅವರ ಮ್ಯಾನೇಜರ್, ಕಿಟಕಿಯ ಬಳಿ ಇನ್‌ಸ್ಪೆಕ್ಟರ್. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಹೆಂಗಸು ಶಾಲೆಯಿಂದ ಎದ್ದು ಬಂದ ಹಾಗೆಯೇ ಕುಳಿತಿದ್ದಳು, ಬೆರಳಲ್ಲಿ ಸೀಮೆಸುಣ್ಣದ ಪುಡಿ ಕೂಡ ಹಾಗೆಯೇ. ಅವಳೇ ವಿದ್ಯಾ. ಯಾರೂ ಅವಳಿಗೆ ಒಂದು ಲೋಟ ನೀರು ಕೊಟ್ಟಂತೆ ಕಾಣಲಿಲ್ಲ.

ಹೆಲಿಕಾಪ್ಟರ್ ಘಾಟಿಯನ್ನು ಸುತ್ತಿ ಸುತ್ತಿ ಇಂಧನ ತುಂಬಿಸಲು ಹಿಂದಕ್ಕೆ ಹೋಗಿತ್ತು. ಎರಡನೆಯದು ಹೊರಟಿತ್ತು. ಚಾರ್ಮಾಡಿಯಲ್ಲಿ ಕಲ್ಲಿಗೆ ಬರವೇ? ನೀರಿಗೆ ಬರವೇ? ಪ್ರತಿ ತಿರುವಿನಲ್ಲೂ ದೊಡ್ಡ ಕಲ್ಲು, ಪ್ರತಿ ಕಲ್ಲಿನ ಬುಡದಲ್ಲೂ ನೀರು. ಹಗಲು ಇಳಿಯುತ್ತಿತ್ತು. ಗಾಯವಾಗಿ ಬಿದ್ದವನಿಗೆ ಮೊದಲ ಕೆಲವು ಗಂಟೆಗಳೇ ಜೀವ, ಕತ್ತಲಾದರೆ ಹೆಲಿಕಾಪ್ಟರ್ ಹಾರುವಂತಿಲ್ಲ.

ನಾನು ಇನ್‌ಸ್ಪೆಕ್ಟರರನ್ನು ಕೇಳಿದೆ, "ಆ ಫೋನು ಯಾವ ಟವರಿನಿಂದ ಬಂದದ್ದು ಅಂತ ನೋಡಿದಿರಾ?"

"ಅದೇ ಸರ್ ತಲೆಬಿಸಿ," ಎಂದರು ಅವರು. "ಬೆಳಿಗ್ಗೆಯಿಂದ ಅವನ ನಂಬರಿನಿಂದ ಯಾವ ಕಾಲೂ ಹೋಗಿಲ್ಲ ಅಂತ ಬರ್ತಾ ಉಂಟು. ಕಂಪೆನಿಯವರದ್ದೇ ಏನೋ ತಪ್ಪಿರಬೇಕು."

ಆಗ ಮೂಲೆಯಿಂದ ವಿದ್ಯಾ ಎದ್ದು ಬಂದಳು.

"ಹಾರುವಾಗ ಅವರು ಫೋನನ್ನು ಫ್ಲೈಟ್ ಮೋಡಿನಲ್ಲಿ ಇಡ್ತಾರೆ. ಇಳಿದ ಕೂಡ್ಲೆ ಮೊದಲು ನನಗೆ ಮಾಡ್ತಾರೆ, ಕ್ಲಾಸಿನಲ್ಲಿದ್ರೂ ಒಂದು ಮಿಸ್ ಕಾಲ್ ಕೊಡ್ತಾರೆ. ಮದುವೆಯಾದ ಲಾಗಾಯ್ತು ಒಂದು ದಿನ ತಪ್ಪಿಲ್ಲ. ಇವತ್ತು ಧಣಿಗಳಿಗೆ ಮಾಡಿದವರು ನನಗೆ ಯಾಕೆ ಮಾಡಲಿಲ್ಲ?"

ನಾನು ಧಣಿಗಳ ಮುಂದೆ ಹೋಗಿ ನಿಂತೆ.

"ಫೋನು ಬಂದದ್ದು ನಿಮಗಾ?"

"ನನಗಲ್ಲ. ಮ್ಯಾನೇಜರಿಗೆ."

ಮ್ಯಾನೇಜರ್ ಧಣಿಗಳ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ವಿದ್ಯಾಳ ಮುಖ ನೋಡಿದವನು ತಡೆಯಲಾರದೆ ಹೇಳಿಬಿಟ್ಟ. "ಫೋನು ಅಂತ ಅಲ್ಲ ಸರ್. ಜೋಯಿಸರಲ್ಲಿ ಪ್ರಶ್ನೆ ಇಡ್ಸಿದ್ದು. ಕವಡೆಯಲ್ಲಿ ಹಾಗೆ ಬಂತು."

ನಮ್ಮೂರಲ್ಲಿ ದನ ಕಳೆದರೆ, ಚಿನ್ನ ಕಳೆದರೆ ಜೋಯಿಸರ ಬಳಿ ಹೋಗಿ ಪ್ರಶ್ನೆ ಕೇಳುವುದು, ಅವರು ಕವಡೆ ಹಾಕಿ ಉತ್ತರ ಹೇಳುವುದು ಹೊಸದಲ್ಲ. ನನ್ನ ಅಮ್ಮನೂ ಕೇಳಿಸಿದ್ದಾಳೆ. ನನಗೆ ಅದರ ಬಗ್ಗೆ ತಕರಾರಿಲ್ಲ. ಜೋಯಿಸರು ಪಾಪ ಹೇಳಿದ್ದು ಇಷ್ಟೇ: ಪೂರ್ವ ದಿಕ್ಕು, ಕಲ್ಲು, ನೀರು, ಜೀವಕ್ಕೆ ತೊಂದರೆಯಿಲ್ಲ. ಚಾರ್ಮಾಡಿ ಎಂದು ಸೇರಿಸಿದ್ದು ಧಣಿಗಳು. ಅದಕ್ಕೆ ಫೋನ್ ಎಂಬ ಅಂಗಿ ತೊಡಿಸಿದ್ದೂ ಧಣಿಗಳು. ನಾವು ವಿಮಾನ ಬಂದಿಲ್ಲ ಎಂದು ಫೋನ್ ಮಾಡಿದಾಗ 'ವಿಚಾರಿಸಿ ಹೇಳ್ತೇನೆ' ಎಂದರಲ್ಲ, ಆ ವಿಚಾರಣೆ ಇದು.

"ಪ್ರಶ್ನೆಯಲ್ಲಿ ಬಂತು ಅಂದ್ರೆ ನೀವು ಇಂಗ್ಲಿಷ್ ಓದಿದವ್ರು ನಂಬ್ತೀರಾ? ಹೆಲಿಕಾಪ್ಟರ್ ಕಳಿಸ್ತೀರಾ?" ಎಂದರು ಧಣಿಗಳು. ನಾಚಿಕೆಯ ಸುಳಿವೂ ಇರಲಿಲ್ಲ. "ಬೇಗ ಸಿಗ್ಲಿ ಅಂತ್ಲೇ ಹಾಗೆ ಹೇಳಿದ್ದು."

"ಥೂ," ಎಂದೆ. ಸರ್ಕಾರಿ ಕೆಲಸದಲ್ಲಿರುವಾಗ ಸಾರ್ವಜನಿಕರ ಎದುರು ನಾನು ಆಡಿದ ಅತಿ ಕೆಟ್ಟ ಮಾತು ಅದು. ಆಮೇಲೆ ಅದಕ್ಕೆ ವಿವರಣೆ ಬರೆದುಕೊಡಬೇಕಾಯಿತು, ಬರೆದುಕೊಟ್ಟೆ.

"ಈಗಾದರೂ ನಿಜ ಹೇಳಿ. ಸರ್ವೆ ಮಾಡುವವನು ಅಷ್ಟು ತಗ್ಗಿಗೆ ಯಾಕೆ ಇಳಿದ? ಮೂಡುಬಿದಿರೆ ಹತ್ತಿರ ಏನಿತ್ತು?"

ಧಣಿಗಳು ಅಂಗಿಯ ತೋಳು ಸರಿಮಾಡಿಕೊಂಡರು. ವಿದ್ಯಾ ಮ್ಯಾನೇಜರನ ಎದುರಿಗೆ ಹೋಗಿ ಕೈ ಮುಗಿದಳು. "ನಿಮಗೂ ಮನೆಯಲ್ಲಿ ಹೆಂಡತಿ ಇದ್ದಾಳಲ್ವಾ ಅಣ್ಣಾ?" ಎಂದಳು, ಅಷ್ಟೇ.

ಅವನು ಅತ್ತುಬಿಟ್ಟ. ಎಲ್ಲವೂ ಹೊರಗೆ ಬಂತು. ಸರ್ವೆಯೂ ಇಲ್ಲ, ಗಿರ್ವೆಯೂ ಇಲ್ಲ. ಮುಂದಿನ ವಾರ ಧಣಿಗಳಿಗೆ ಅರವತ್ತು ತುಂಬುವ ಅಭಿನಂದನಾ ಸಮಾರಂಭ. ವೇದಿಕೆಯ ಮೇಲೆ ವಿಮಾನದಿಂದ ಹೂಮಳೆ ಸುರಿಸಬೇಕೆಂದು ಅವರ ಆಸೆ. ವಿಮಾನದಿಂದ ಏನೇ ಕೆಳಗೆ ಹಾಕುವುದಿದ್ದರೂ ಅನುಮತಿ ಬೇಕು, ಇವರು ಕೇಳಿರಲಿಲ್ಲ. ಹಾಗಾಗಿ ಸರ್ವೆ ಎಂಬ ಹೆಸರು ಕೊಟ್ಟು, ಮೂಡುಬಿದಿರೆಯ ದಕ್ಷಿಣದ ಒಂದು ಪದವಿನ ಮೇಲೆ ಎರಡು ದಿನದಿಂದ ಗುಟ್ಟಾಗಿ ರಿಹರ್ಸಲ್. ಪದವು ಎಂದರೆ ನಮ್ಮ ಕಡೆಯ ಕೆಂಪುಕಲ್ಲಿನ ಬೋಳು ಬಯಲು, ಮರವಿಲ್ಲ, ಮನೆಯಿಲ್ಲ. ಗೋಣಿಯಲ್ಲಿ ಸೇವಂತಿಗೆ, ಹಗ್ಗ ಎಳೆದರೆ ಬಾಯಿ ಬಿಚ್ಚುವಂತೆ ಕಟ್ಟಿದ್ದು. ಹಗ್ಗ ಎಳೆಯಲು ಇನ್ನೊಬ್ಬನಾದರೂ ಬೇಡವೇ? ಇನ್ನೊಬ್ಬನಿಗೆ ಗೊತ್ತಾದರೆ ಊರಿಗೇ ಗೊತ್ತಾಗುತ್ತದಂತೆ. ವಿಮಾನ ಹಾರಿಸುವವನೇ ಹಗ್ಗವನ್ನೂ ಎಳೆಯಬೇಕಿತ್ತು.

ಅಂದರೆ ಬೆಳಿಗ್ಗೆ ನಾನು ಫೋನ್ ಮಾಡಿದಾಗಲೇ ಈ ಮನುಷ್ಯನಿಗೆ ಸುಧೀರ ಎಲ್ಲಿದ್ದ ಎಂಬುದು ಗೊತ್ತಿತ್ತು. ಅದನ್ನು ಹೇಳಿದರೆ ಹೂಮಳೆ ಬಯಲಾಗುತ್ತದೆ. ಜೋಯಿಸರ 'ಪೂರ್ವ' ಅನುಕೂಲಕ್ಕೆ ಒದಗಿ ಬಂತು. "ಅಲ್ಲಿ ಮುಗಿಸಿ ಘಾಟಿ ಕಡೆ ಹೋಗಿರಬಹುದು ಅಂತ ನಾನು ಗ್ರಹಿಸಿದ್ದು," ಎಂದು ಆಮೇಲೂ ಹೇಳಿದರು. ಪ್ರಶ್ನೆ ಇಡಿಸಿದ್ದು ದೇವರ ಮೇಲಿನ ನಂಬಿಕೆಯಿಂದ ಅಂತೆ! ನಂಬಿಕೆ ಇದ್ದವರು ನಂಬಿಕೆ ಎಂದೇ ಹೇಳುತ್ತಾರೆ, ಫೋನ್ ಬಂತು ಎನ್ನುವುದಿಲ್ಲ.

ನಾನು ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿದೆ. ಎರಡನೆಯ ಹೆಲಿಕಾಪ್ಟರ್ ಘಾಟಿಯಿಂದ ಹಿಂದಕ್ಕೆ ತಿರುಗಿತು. ಪದವಿನ ಮೇಲೆ ಬಂದ ಕೂಡಲೇ ಪೈಲಟ್ ಕಂಡದ್ದು ವಿಮಾನವನ್ನಲ್ಲ, ಕೆಂಪು ನೆಲದ ಮೇಲೆ ಚೆಲ್ಲಿದ ಹಳದಿಯನ್ನು. ಆ ಹಳದಿಯ ನಡುವೆ ಮಗುಚಿ ಬಿದ್ದ ವಿಮಾನ. ಸಂಜೆಯ ಬೆಳಕು ಇನ್ನೂ ಉಳಿದಿತ್ತು. "ಜೀವ ಉಂಟು" ಎಂದು ರೇಡಿಯೋದಲ್ಲಿ ಬಂದಾಗ ವಿದ್ಯಾ ನೆಲದ ಮೇಲೆಯೇ ಕೂತುಬಿಟ್ಟಳು. ಇನ್‌ಸ್ಪೆಕ್ಟರರು ತಾವೇ ಹೋಗಿ ನೀರು ತಂದುಕೊಟ್ಟರು.

ತಗ್ಗಿನಲ್ಲಿ ನಿಧಾನವಾಗಿ ಹಾರುವಾಗ ಎಂಜಿನ್ ಕೈಕೊಟ್ಟಿತ್ತು. ಸುಧೀರ ಪದವಿನ ಮೇಲೆ ಸರಿಯಾಗಿಯೇ ಇಳಿಸಿದ್ದ. ವಿಮಾನ ಓಡುತ್ತ ಹೋಗಿ ಹಳೆಯ ಕಲ್ಲುಕೋರೆಯ ಅಂಚಿಗೆ ಚಕ್ರ ಸಿಕ್ಕಿ ಮಗುಚಿತು. ಎಡಗಾಲು ಒಳಗೆ ಸಿಕ್ಕಿಕೊಂಡಿತು. ಫೋನು ಎಗರಿ ಕೋರೆಯ ನೀರಿಗೆ ಬಿತ್ತು. ಕೂಗಿದರೆ ಕೇಳುವವರು ಇರಲಿಲ್ಲವೇ ಎಂದು ನೀವು ಕೇಳಬಹುದು. ಪದವಿನಾಚೆ ಮನೆಗಳಿದ್ದವು. ಆದರೆ ಎರಡು ದಿನದಿಂದ ವಿಮಾನ ಸುತ್ತುವುದು, ಹೋಗುವುದು ಅವರಿಗೆ ಅಭ್ಯಾಸವಾಗಿತ್ತು. ಹೋಗಿ ನೋಡಬಹುದಾಗಿದ್ದ ಗಟ್ಟಿಮುಟ್ಟಿನ ಯುವಕರೆಲ್ಲ ವಿಮಾನ ಬಿದ್ದದ್ದು ನೋಡಲು ಚಾರ್ಮಾಡಿಗೆ ಹೋಗಿದ್ದರು.

ಸುಧೀರ ಬದುಕಿದ, ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮಧ್ಯಾಹ್ನವೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ವಿದ್ಯಾಳ ಎದುರಿಗೇ ಹೇಳಿದರು. ಧಣಿಗಳ ಮೇಲೆ ಕೇಸಾಯಿತು, ಇನ್ನೂ ನಡೆಯುತ್ತಿದೆ. ಅಭಿನಂದನಾ ಸಮಾರಂಭ ಒಂದು ತಿಂಗಳು ಮುಂದಕ್ಕೆ ಹೋಗಿ ಭರ್ಜರಿಯಾಗಿ ನಡೆಯಿತು. ಹೂವನ್ನು ಕ್ರೇನಿನಿಂದ ಸುರಿಸಿದರಂತೆ.

ನಾನು ಆಸ್ಪತ್ರೆಗೆ ಹೋದ ದಿನ ಧಣಿಗಳೂ ಸೇಬಿನ ಬುಟ್ಟಿಯೊಂದಿಗೆ ಬಂದಿದ್ದರು. ಮಂಚದ ಪಕ್ಕ ನಿಂತು, "ನೋಡಿ, ಪ್ರಶ್ನೆಯಲ್ಲಿ ಬಂದದ್ದು ಸರಿಯೇ ಆಯ್ತಲ್ಲ? ಕಲ್ಲಿತ್ತು, ನೀರಿತ್ತು, ನಮ್ಮ ಮನೆಯಿಂದ ಲೆಕ್ಕ ಹಾಕಿದ್ರೆ ಪೂರ್ವವೇ!" ಎಂದರು. ವಿದ್ಯಾ ಬುಟ್ಟಿಯನ್ನು ಎತ್ತಿ ಅವರ ಕೈಗೇ ವಾಪಸು ಕೊಟ್ಟು ಬಾಗಿಲು ತೋರಿಸಿದಳು.

ನಿವೃತ್ತಿಯ ಮೊದಲು ಹೊಸ ಹುಡುಗರಿಗೆ ಪಾಠ ಮಾಡುವಾಗ ನಾನು ಬೇರೆಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದೇ ಪ್ರಶ್ನೆಯನ್ನು: 'ಇದು ನಿಮಗೆ ಹೇಗೆ ಗೊತ್ತು?' ಫೋನ್ ಮಾಡಿದವರು ಎಷ್ಟೇ ದೊಡ್ಡ ಕುಳವಾಗಿರಲಿ, ಕೇಳಿ. ಕೋಪ ಮಾಡಿಕೊಂಡರೆ ಇನ್ನೊಮ್ಮೆ ಕೇಳಿ. ಯಾಕೆ ಸರ್ ಅಷ್ಟು ಒತ್ತಿ ಹೇಳುವುದು ಎಂದವರಿಗೆ, ಧಣಿಗಳು ಹೊರಗೆ ಹೋದ ಮೇಲೆ ಸುಧೀರ ನನಗೆ ಹೇಳಿದ ಮಾತನ್ನು ಹೇಳುತ್ತಿದ್ದೆ.

"ಹೆಲಿಕಾಪ್ಟರಿನ ಶಬ್ದ ಕೇಳಿದಾಗ ಬದುಕಿದೆ ಅಂತ ಗ್ರಹಿಸಿದೆ ಸರ್. ಅಂಗಿ ಬಿಚ್ಚಿ ಬೀಸಿದೆ. ತುಂಬ ಎತ್ತರದಲ್ಲಿ ನನ್ನ ತಲೆ ಮೇಲಿಂದಲೇ ಹೋಯ್ತು, ನಿಲ್ಲಲಿಲ್ಲ. ಆಮೇಲೆ ಇನ್ನೊಂದು ಬಂತು, ಅದೂ ಹೋಯ್ತು. ಇಷ್ಟು ಅರ್ಜೆಂಟಿನಲ್ಲಿ ಇವರು ಯಾರನ್ನು ಹುಡುಕ್ಲಿಕ್ಕೆ ಹೋಗ್ತಿದ್ದಾರಪ್ಪ, ಪಾಪ, ಅವನಿಗೆ ನನಗಿಂತ ಜಾಸ್ತಿ ಪೆಟ್ಟಾಗಿರಬೇಕು ಅಂತ ಯೋಚನೆ ಮಾಡ್ತಾ ಇದ್ದೆ."