ಅಟ್ರೋಪಿನ್ ಹಚ್ಚಿದ ಕಣ್ಣಿಗೆ ಕಂಡ ಅಕ್ಕ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಒಂದು ದೊಡ್ಡ ಸುಳ್ಳು ಹೇಳಿದ್ದೆ. ಅಮ್ಮನಿಲ್ಲದ ನಮ್ಮ ಕಂಕನಾಡಿಯ ಮನೆಯಲ್ಲಿ ಅಕ್ಕನೇ ನನಗೆಲ್ಲ. ಅವಳು ನರ್ಸ್ ತರಬೇತಿಗೆ ಬೊಂಬಾಯಿಗೆ ಹೋಗುವುದೆಂದು ನಿಶ್ಚಯವಾಯಿತು. ಮರುದಿನವೇ "ಪುಸ್ತಕದ ಅಕ್ಷರ ಕಾಣುವುದಿಲ್ಲ" ಎಂದು ರಂಪ ತೆಗೆದೆ. ಕಣ್ಣು ಕಾಣದ ತಮ್ಮನನ್ನು ಬಿಟ್ಟು ಯಾವ ಅಕ್ಕ ಹೋದಾಳು?

ಅಪ್ಪ ಒಂದು ದವಾಖಾನೆಯಲ್ಲಿ ಕಂಪೌಂಡರ್. ಅವರ ಅಂಗಿಗೆ ಸದಾ ಸ್ಪಿರಿಟ್ಟಿನ ವಾಸನೆ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಅಟ್ರೋಪಿನ್ ಮುಲಾಮನ್ನು ಮೂರು ದಿನ ಅವರೇ ನನಗೆ ಹಚ್ಚಿದರು.

"ಇದೆಂತ ಮದ್ದು?" ಎಂದು ಕೇಳಿದೆ.

"ಬೆಲ್ಲಡೋನಾ ಅಂತ ಒಂದು ಗಿಡ ಉಂಟು, ನಮ್ಮ ಬೇಲಿಯ ಉಮ್ಮತ್ತದ ಸಂಬಂಧ. ಎರಡೂ ವಿಷವೇ, ಮುಟ್ಲಿಕ್ಕೆ ಹೋಗಬೇಡ. ಬೆಲ್ಲಡೋನಾದ ಸಾರ ಇದು. ನರ ಹೇಳಿದ್ದು ಕಣ್ಣಿನ ಸ್ನಾಯುವಿಗೆ ಮುಟ್ಟದ ಹಾಗೆ ತಡೀತದೆ. ಸ್ನಾಯು ಸುಮ್ಮನೆ ಕೂತ್ರೆ ಡಾಕ್ಟರಿಗೆ ಕಣ್ಣಿನ ನಿಜ ಗೊತ್ತಾಗ್ತದೆ," ಎಂದರು ಅಪ್ಪ.

ನಿಜ ಎಂದ ಕೂಡಲೇ ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಪಾಪೆ ಅರಳಿ ಬಿಸಿಲು ಚುಚ್ಚುತ್ತಿತ್ತು, ಬಾಯಿ ಒಣಗುತ್ತಿತ್ತು. ಈಗ ಪುಸ್ತಕದ ಅಕ್ಷರ ನಿಜವಾಗಿಯೂ ಕಾಣುತ್ತಿರಲಿಲ್ಲ. ಡಾಕ್ಟರು ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನನ್ನನ್ನು ಏನೂ ಕೇಳಲೇ ಇಲ್ಲ. "ಕಣ್ಣು ಸರಿಯೇ ಉಂಟು. ಮದ್ದಿನ ಮಬ್ಬು ಇಳೀಲಿಕ್ಕೆ ಒಂದೆರಡು ವಾರ ಬೇಕು. ಅಷ್ಟು ದಿನ ದೂರದ್ದು ಕಾಣ್ತದೆ, ಹತ್ತಿರದ್ದು ಮಬ್ಬು," ಎಂದರು. ಅಪ್ಪ ಬೈಯಲಿಲ್ಲ, ದಾರಿಯುದ್ದಕ್ಕೂ ನನ್ನ ಕೈ ಹಿಡಿದು ನಡೆಸಿದರು.

ಆ ವಾರವೇ ಅಕ್ಕ ಹೊರಟಳು. ಬೊಂಬಾಯಿಯ ಹಡಗು ಆಗ ಸಮುದ್ರದಲ್ಲೇ ನಿಲ್ಲುತ್ತಿತ್ತು. ಹೊಳೆಬದಿಯ ಬಂದರಿನ ಧಕ್ಕೆಯ ಕಟ್ಟೆಯಿಂದ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಒಣಮೀನಿನ ವಾಸನೆಯ ನಡುವೆ ಅಕ್ಕ ಬಗ್ಗಿ ನನ್ನ ಗಲ್ಲ ಹಿಡಿದಳು. ಅವಳು ಮುಡಿದಿದ್ದ ಮಲ್ಲಿಗೆಯ ಪರಿಮಳ ಬಂತು, ಮುಖ ಮಾತ್ರ ಮಂಜುಮಂಜು.

"ನಾನು ಹೋಗಬಾರದು ಅಂತ ಸುಳ್ಳು ಹೇಳಿದ್ದಾ ಮಾರಾಯ?" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ದೋಣಿ ದೂರ ಸರಿದಂತೆ ಅವಳ ಮುಖ ಮೆಲ್ಲಮೆಲ್ಲನೆ ತಿಳಿಯಾಯಿತು. ಅಳುತ್ತಿದ್ದಳು. ಅಷ್ಟು ಹೊತ್ತಿಗೆ ನಮ್ಮಿಬ್ಬರ ನಡುವೆ ಹೊಳೆಯ ನೀರು. ಆ ಮುಖವನ್ನು ಹತ್ತಿರದಿಂದ ನೋಡಲು ನಾನು ನಾಲ್ಕು ವರ್ಷ ಕಾಯಬೇಕಾಯಿತು.

ಈಗ ನಿಮ್ಮ ಕಣ್ಣಿಗೆ ಹಾಕುವ ಮದ್ದು ಒಂದು ದಿನದಲ್ಲಿ ಇಳಿಯುತ್ತದೆ. ದುಬೈಯಲ್ಲಿ ನರ್ಸ್ ಆಗಿರುವ ನಿಮ್ಮ ಅಮ್ಮ ಪ್ರತಿ ಸಂಜೆ ಫೋನಿನಲ್ಲಿ ಕಾಣುತ್ತಾಳೆ. ನೀವು ಎರಡು ಮಾತಾಡಿ, "ಆಟ ಉಂಟು" ಎಂದು ಫೋನನ್ನು ಈ ಅಜ್ಜನ ಕೈಗಿಟ್ಟು ಓಡುತ್ತೀರಿ. ಆಗ ಅವಳ ಮುಖ ಹೇಗಾಗುತ್ತದೆಂದು ನಿಮಗೆ ಗೊತ್ತಿಲ್ಲ ಮಕ್ಕಳೇ. ಫೋನು ನನ್ನ ಕೈಯಲ್ಲಿರುತ್ತದೆ, ನನಗೆ ಗೊತ್ತು.