ಚಿಗವ್ವನ ಒಪ್ಪತ್ತು, ನನ್ನ ಹಳದಿ ಪುಡಿ

ಆರು ವರ್ಷದಿಂದ ನಾನು ಒಂದು ಹಳದಿ ಪುಡಿಯ ಹಿಂದೆ ಬಿದ್ದಿದ್ದೇನೆ. ದಾವಣಗೆರೆಯ ಫಾರ್ಮಸಿ ಕಾಲೇಜೊಂದರ ಮೇಲಿನ ಮಹಡಿಯಲ್ಲಿ, ಬರ್ನರ್ ಆರಿಹೋಗುತ್ತದೆಂದು ಬೇಸಿಗೆಯಲ್ಲೂ ಫ್ಯಾನು ಹಾಕದ ಲ್ಯಾಬಿನಲ್ಲಿ. ಪುಡಿಗೆ ಹೆಸರಿಲ್ಲ, ಆಗ ಹದಿನೇಳು ಬಿ ಎಂಬ ನಂಬರಿತ್ತು. ಹದಿನೇಳು ಎ ಏನಾಯಿತೆಂದು ಕೇಳಬೇಡಿ.

ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಬಹಳ ಜಾಣ. ಒಳಗೆ ಬಂದ ಔಷಧಿಯನ್ನು ಬಂದ ಹಾಗೇ ಎತ್ತಿ ಹೊರಗೆ ಹಾಕುತ್ತವೆ. ಅದಕ್ಕೆಂದೇ ಅವುಗಳ ಗೋಡೆಯಲ್ಲಿ ಪಂಪುಗಳಿವೆ. ಆಮೇಲೆ ಎಷ್ಟು ಔಷಧಿ ಕೊಟ್ಟರೂ ನಾಟುವುದಿಲ್ಲ. ನನ್ನ ಪುಡಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ಪಂಪನ್ನು ನಿಲ್ಲಿಸುತ್ತದೆ. ನಿಲ್ಲಿಸಬೇಕು ಎನ್ನುವುದು ಹೆಚ್ಚು ಸರಿ.

ಇದನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವಳು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಭಾನುವಳ್ಳಿಯಲ್ಲಿ ಅವಳದು ಚಾನಲ್ ನೀರಿನ, ಕಾಲುವೆಯ ಕೊನೆಯ ಗದ್ದೆ.

“ಅಂದ್ರೆ ಚಾನಲ್ಲಿಗೆ ಕದ್ದು ಪಂಪ್‌ಸೆಟ್ ಇಟ್ಟಂಗೆ,” ಎಂದಳು. “ಮೇಲಿನೋರು ಎತ್ತಿಬಿಟ್ರೆ ಕೊನೇ ಗದ್ದೆಗೆ ಏನು ಬರ್ತೈತೆ, ಮಣ್ಣು? ನಿನ್ನ ಪುಡಿ ಆ ಪಂಪಿನ ಕರೆಂಟು ತೆಗೆಯಾದು. ಅಷ್ಟೇ ಹೌದಲ್ಲ?”

ಅಷ್ಟೇ. ನನ್ನ ಗೈಡಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಅವಳಿಗೇ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ನನ್ನ ಪುಡಿ ಇಲಿಗಳ ಹಂತಕ್ಕೆ ಬಂದಿತ್ತು. ಆಪರೇಷನ್ ಆಯಿತು. ಲಿವರಿನಲ್ಲಿ ಎರಡು ಕಲೆ ಉಳಿದಿದ್ದವು. ಅವಕ್ಕೆ ಮಾತ್ರೆ: ಎರಡು ವಾರ ನುಂಗಬೇಕು, ಒಂದು ವಾರ ಬಿಡಬೇಕು, ಮತ್ತೆ ಶುರು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಉಂಡ ಮೇಲೆ. ಮೂರು ವಾರಕ್ಕೊಮ್ಮೆ ಅವಳು ಹರಿಹರದ ನನ್ನ ಮನೆಗೆ ಬಂದು ರಾತ್ರಿ ಉಳಿಯುವಳು. ಬೆಳಿಗ್ಗೆ ಇಬ್ಬರೂ ದಾವಣಗೆರೆ ಬಸ್ಸು ಹತ್ತುತ್ತಿದ್ದೆವು. ದಾರಿಯಲ್ಲಿ ಬಾತಿ ಊರು ದಾಟುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತಿತ್ತು.

“ಇಲಿ ಹೆಂಗದಾವೆ?”

ಸತ್ತಿವೆ ಎನ್ನುತ್ತಿದ್ದೆ. ಯಾಕೆಂದರೆ ಸಾಯುತ್ತಿದ್ದವು. ಅಂಥ ಪಂಪು ಒಳ್ಳೆಯ ಕೋಶಗಳಲ್ಲೂ ಇರುತ್ತದೆ, ನನ್ನ ಪುಡಿ ಅದನ್ನೂ ನಿಲ್ಲಿಸುತ್ತಿತ್ತು, ಜೊತೆಗೆ ಕೊಟ್ಟ ಕ್ಯಾನ್ಸರ್ ಔಷಧಿ ಅಲ್ಲೂ ಉಳಿದುಬಿಡುತ್ತಿತ್ತು. ಗಡ್ಡೆ ಕರಗುತ್ತಿತ್ತು, ಇಲಿಯೂ ಹೋಗುತ್ತಿತ್ತು. ಅವಳ ಮಾತ್ರೆ ಶುರುವಾದ ಹೊಸದರಲ್ಲೇ ಒಮ್ಮೆ ಒಂದೇ ವಾರದಲ್ಲಿ ಎಲ್ಲವೂ ಹೋದಾಗ, ಭಾನುವಳ್ಳಿಗೆ ಹೋಗಿ ಅವಳ ಒಲೆಯ ಮುಂದೆ ಕೂತು ಅತ್ತೆ. ಮೂವತ್ತಾರು ವರ್ಷದವಳು ಇಲಿಗಾಗಿ ಅಳುವುದನ್ನು ಅವಳು ಸುಮ್ಮನೆ ನೋಡಿದಳು. ರೊಟ್ಟಿ ಹಾಕಿದಳು.

ಆರು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿದರೆ ಕಲೆಗಳು ದೊಡ್ಡವಾಗಿದ್ದವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಮಾತ್ರೆ ಕೆಲಸ ಮಾಡ್ತಾ ಇಲ್ಲ ಮೇಡಂ. ರೆಸಿಸ್ಟೆನ್ಸ್ ಬಂದಂಗೈತೆ. ನಿಮಗೆ ನಾನೇನು ಹೇಳೋದು,” ಎಂದರು. ನಿಜ, ನನಗೆ ಹೇಳಬೇಕಿರಲಿಲ್ಲ. ಔಷಧಿ ನಾಟದಿರುವುದರ ಮೇಲೆ ನಾನೇ ಇನ್ನೂರು ಪುಟದ ಥೀಸಿಸ್ ಬರೆದಿದ್ದೆ. ಮುಂದಿನ ವಾರದಿಂದ ಡ್ರಿಪ್ಪು, ಅದು ಭಾರಿ ಔಷಧಿ, ಅವಳ ಮೈ ತಡೆಯುತ್ತದೋ ಇಲ್ಲವೋ ಎಂದರು. ಬಸ್‌ಸ್ಟ್ಯಾಂಡಿಗೆ ನಡೆಯುತ್ತಾ ಅವಳ ಕೋಶಗಳಲ್ಲಿ ಯಾವ ಪಂಪು ಇರಬಹುದು ಎಂದು ಯೋಚಿಸುತ್ತಿದ್ದೆ.

ಬೆಂಚಿನ ಮೇಲೆ ಕೂತ ಚಿಗವ್ವ ವೈರ್ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. “ಹೆಂಗೂ ಬೇರೆ ಔಷಧಿ ಕೊಡ್ತಾರಂತಲ್ಲ. ಇವು ಮಿಕ್ಕಾವೆ. ಅಂಗಡ್ಯಾಗೆ ವಾಪಸ್ ತಗೋತಾರೇನು ಕೇಳಾಣ.”

ಒಳಗೆ ಒಡೆಯದ ಮಾತ್ರೆ ಪಟ್ಟಿಗಳಿದ್ದವು. ಒಂದೆರಡಲ್ಲ, ಕೊಟ್ಟ ಮಾತ್ರೆಗಳಲ್ಲಿ ಹೆಚ್ಚುಕಡಿಮೆ ಅರ್ಧ.

“ಇವೆಲ್ಲ ಯಾಕ ಉಳಿದ್ವು?”

“ಬೆಳಗಿನವು.”

“ಬೆಳಗಿನವು ಯಾಕ ನುಂಗಿಲ್ಲ?”

“ಉಂಡ ಮೇಲೆ ಅಂತ ಚೀಟಿಯಾಗೆ ಬರದೈತಲ್ಲ? ನಂದು ಒಪ್ಪತ್ತು. ರಾತ್ರಿ ದೀಪ ಹಚ್ಚಿದ ಮೇಲೆ ಒಂದೇ ಊಟ. ಉಣ್ಣದೆ ಹೆಂಗ ನುಂಗಲಿ?”

ನನಗೆ ಸಿಟ್ಟು ನೆತ್ತಿಗೇರಿತು. ಬಸ್‌ಸ್ಟ್ಯಾಂಡ್ ಎಂಬುದನ್ನೂ ಮರೆತು ಕಿರುಚಾಡಿದೆ. ನಿನಗೇನು ತಲೆ ನೆಟ್ಟಗಿದೆಯಾ, ಯಾವ ದೇವರು ಹೀಗೆ ಸಾಯಲು ಹೇಳಿದ, ಯಾವ ದೊಡ್ಡ ಹರಕೆ ಇದು ಎಂದೆಲ್ಲ. ಕಡಲೆಕಾಯಿ ಮಾರುತ್ತಿದ್ದವರು ಬುಟ್ಟಿ ಎತ್ತಿಕೊಂಡು ಆಚೆ ಹೋದರು. ಚಿಗವ್ವ ಕವರಿನ ಬಾಯಿ ಗಂಟು ಹಾಕಿದಳು.

“ಹರಕೆ ನಿಂದೇ. ಇಲಿ ಸತ್ತಾವೆ ಅಂತ ಅಳ್ತಾ ಕುಂತಿದ್ಯಲ್ಲ, ಅವತ್ತು ಹಿಡಿದೆ. ನಿನ್ನ ಔಷಧಿ ಗೆದ್ದು ಹೊರಗೆ ಬರೋತನಕ ಒಪ್ಪತ್ತು ಅಂತ ಬೇಡ್ಕೊಂಡೀನಿ.”

ನಾನು ಪಕ್ಕದಲ್ಲಿ ಕೂತೆ. ಔಷಧಿ ಯಾಕೆ ನಾಟುವುದಿಲ್ಲ ಎಂಬುದಕ್ಕೆ ಎಷ್ಟು ಕಾರಣಗಳಿವೆ ಎಂದು ಕ್ಲಾಸಿನಲ್ಲಿ ಪಾಠ ಮಾಡುವವಳು ನಾನು. ಬೆಳಿಗ್ಗೆ ಉಂಡೆಯಾ ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ನನ್ನ ಮನೆಯಲ್ಲಿದ್ದ ಬೆಳಗುಗಳಲ್ಲಿ, ರಕ್ತ ಕೊಡಬೇಕಲ್ಲ, ಖಾಲಿ ಹೊಟ್ಟೆ ಇರಲಿ ಎಂದು ಅಂದದ್ದನ್ನು ನಂಬಿ ನಾನೊಬ್ಬಳೇ ಉಪ್ಪಿಟ್ಟು ತಿಂದಿದ್ದೆ. ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಯಿತು.

ಕವರು ಹಿಡಿದು ಆಸ್ಪತ್ರೆಗೆ ವಾಪಸ್ ಹೋದೆವು. ಡಾಕ್ಟರು ಪಟ್ಟಿಗಳನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. “ಡ್ರಿಪ್ಪು ಈಗ ಬ್ಯಾಡ. ಎರಡೂ ಹೊತ್ತು ನುಂಗಲಿ, ಮೂರು ತಿಂಗಳು ನೋಡಾಣ.”

“ಹರಕೆ ಮುರಿಯಂಗಿಲ್ಲ ಡಾಕ್ಟ್ರೇ,” ಎಂದಳು ಚಿಗವ್ವ. ಡಾಕ್ಟರು ಪೆನ್ನು ಕೆಳಗಿಟ್ಟರು. ಅವಳು ನನ್ನ ಕಡೆ ತಿರುಗಿ, “ಮನೆಯೋರು ಯಾರಾರ ನನ್ನ ಬದ್ಲು ಹೊತ್ಕೊಂಡ್ರೆ ನಡೀತೈತೆ,” ಎಂದಳು. ಮನೆಯೋರು ಅಂತ ಇದ್ದದ್ದು ನಾನೊಬ್ಬಳು. ಒಂದು ಔಷಧಿ ಲ್ಯಾಬಿನಿಂದ ಅಂಗಡಿಗೆ ಬರಲು ಎಷ್ಟು ವರ್ಷ ಹಿಡಿಯುತ್ತದೆ, ಎಷ್ಟು ದಾರಿಯಲ್ಲೇ ಬಿದ್ದುಹೋಗುತ್ತವೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಮೂರನೆಯವಳು ಕಾಯುತ್ತಿದ್ದಳು.

“ಆಗಲಿ,” ಎಂದೆ.

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು,” ಎಂದು ಚಿಗವ್ವ ಎದ್ದಳು. ಯಾರ ಬುದ್ಧಿ ಎಂದು ಹೇಳಲಿಲ್ಲ.

ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಫೋನು. “ಉಂಡೆ. ಮಾತ್ರೆ ನುಂಗಿದೆ. ನೀನು ಉಣ್ಣಲಿಲ್ಲ ಹೌದಲ್ಲ?” ಇಲ್ಲ ಎನ್ನುತ್ತಿದ್ದೆ. “ಇಲಿ ಹೆಂಗದಾವೆ?” ಎಂದು ಕೇಳಿ ಇಡುತ್ತಿದ್ದಳು. ಮೊದಲ ತಿಂಗಳು ಮಧ್ಯಾಹ್ನ ತಲೆ ತಿರುಗಿ ಎರಡು ಬೀಕರು ಒಡೆದೆ. ಒಮ್ಮೆ ಮುಚ್ಚಿದ ಬಾಗಿಲ ಹಿಂದೆ ಅರ್ಧ ಬಾಳೆಹಣ್ಣು ತಿಂದದ್ದೂ ಉಂಟು. ಆಮೇಲೆ ರೂಢಿಯಾಯಿತು.

ಮೂರು ತಿಂಗಳಿಗೆ ಕಲೆಗಳು ಸಣ್ಣವಾದವು. ನಂಬದೆ ಡಾಕ್ಟರು ಎರಡು ಸಲ ಅಳೆದರು. ಅವತ್ತು ನನಗಾದ ಸಂತೋಷ ಡಾಕ್ಟರೇಟ್ ಬಂದಾಗಲೂ ಆಗಿರಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಅವಳು ಗದ್ದೆಗೆ ಹೋದಳು, ಮೇಲಿನವರ ಪಂಪ್‌ಸೆಟ್ಟಿನ ಮೇಲೆ ಜಗಳ ಮಾಡಿದಳು, ಎರಡು ಬೆಳೆ ತೆಗೆದಳು.

ಆಮೇಲೆ ಕಲೆಗಳು ಮತ್ತೆ ಬೆಳೆದವು. ಈ ಸಲ ಅವಳು ಎಲ್ಲ ಖಾಲಿ ಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದಳು. ಮೇಜಿನ ಮೇಲಿಟ್ಟು, “ನೋಡ್ರಿ, ಒಂದೂ ಬಿಟ್ಟಿಲ್ಲ,” ಎಂದಳು.

“ಗೊತ್ತಮ್ಮ,” ಎಂದರು ಡಾಕ್ಟರು. “ಈ ಸಲ ನಿಮ್ಮ ತಪ್ಪಲ್ಲ.”

ಬಸ್‌ಸ್ಟ್ಯಾಂಡಿನ ಅದೇ ಬೆಂಚಿನ ಮೇಲೆ ಕೂತೆವು. ಅವಳು ಸೆರಗು ಸರಿ ಮಾಡಿಕೊಂಡು ಕೇಳಿದಳು. “ಈಗ ನಿಂದು ಬೇಕಾತು ನೋಡು. ತಯಾರೈತೇನು?”

ಲ್ಯಾಬಿನ ಫ್ರಿಜ್ಜಿನಲ್ಲಿ ಬೆರಳುದ್ದದ ಸೀಸೆಯಲ್ಲಿ ಅದು ಇತ್ತು. ನಾವು ಕೂತಲ್ಲಿಂದ ಆಟೋದಲ್ಲಿ ಹತ್ತು ನಿಮಿಷ.

“ಇಲ್ಲ ಚಿಗವ್ವ. ಇನ್ನೂ ಇಲಿನೇ ಉಳೀತಿಲ್ಲ.”

“ಹೋಗ್ಲಿ ಬಿಡು. ನಂಗಲ್ಲದಿದ್ರೆ ಮತ್ತೊಬ್ರಿಗಾತು. ಒಪ್ಪತ್ತು ಮಾತ್ರ ಬಿಡಬ್ಯಾಡ.”

ಡ್ರಿಪ್ಪನ್ನು ಅವಳ ಮೈ ತಡೆಯಲಿಲ್ಲ. ಅವಳು ಹೋಗಿ ಒಂದು ವರ್ಷವಾಯಿತು. ಪುಡಿಯ ನಂಬರು ಈಗ ಇಪ್ಪತ್ತೊಂದು ಡಿಗೆ ಬಂದಿದೆ. ಹತ್ತು ಗಂಟೆಗೆ ಲ್ಯಾಬಿನವರು ಇಡ್ಲಿ ತರಿಸುತ್ತಾರೆ, ತಿನ್ನಿ ಮೇಡಂ ಎನ್ನುತ್ತಾರೆ. ಗ್ಯಾಸ್ಟ್ರಿಕ್ಕು ಎನ್ನುತ್ತೇನೆ. ಕ್ಯಾನ್ಸರಿನ ಔಷಧಿಯ ಜೊತೆ ಇದನ್ನೂ ಕೊಟ್ಟ ಇಲಿಗಳು ಮೊನ್ನೆ ಮೊದಲ ಬಾರಿಗೆ ಮೂರನೆಯ ವಾರ ದಾಟಿದವು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಫೋನನ್ನು ಕೈಗೆತ್ತಿಕೊಂಡೆ. ಇಲಿ ಆರಾಮದಾವೆ ಚಿಗವ್ವ. ನಾನಿನ್ನೂ ಉಂಡಿಲ್ಲ.